ಸಹಾಯ ಬೇಕು: ಅವ್ವನ ಮರೆವು, ಟೌ ಪ್ರೋಟೀನಿನ ಗಂಟು

ಅಣ್ಣಾರ, ಅಕ್ಕಾರ, ನಮಸ್ಕಾರ್ರೀ. ನಾವು ಇಳಕಲ್ಲಿನವರು. ನಲವತ್ತು ವರ್ಷ ಸೀರಿ ಮೈಯ ಎಳಿಗೆ ಸೆರಗಿನ ಎಳಿ ಕೂಡಿಸೋ ಕೊಂಡಿ ಹಾಕಿದ ನಮ್ಮವ್ವ ಈಗ ಎಳಿ ಕೈಯಾಗ ಹಿಡಕೊಂಡು ಸುಮ್ಮನ ಕುಂದರ್ತಾಳ. ಮೊನ್ನೆ ನನಗ ‘ಯಾರೋ ತಮ್ಮಾ ನೀ?’ ಅಂದ್ಳು.

ಡಾಕ್ಟರು ಅಲ್ಝೈಮರ್ ಅನ್ನೋ ಮರೆವಿನ ರೋಗ ಅಂದಾರ. ನಾ ಓದಿ ತಿಳಕೊಂಡಿದ್ದು: ನರಕೋಶದೊಳಗ ಮೈಕ್ರೋಟ್ಯೂಬ್ಯೂಲ್ ಅನ್ನೋ ಸಣ್ಣ ಕೊಳವಿ ಅದಾವ, ಸಾಮಾನು ಸಾಗಸೋ ಹಳಿ ಇದ್ದಂಗ. ಅವನ್ನ ಗಟ್ಟಿ ಹಿಡಿಯೋದು ಟೌ ಪ್ರೋಟೀನ್. ಈ ರೋಗದಾಗ ಟೌಗ ಫಾಸ್ಫೇಟ್ ಅತಿಯಾಗಿ ಅಂಟಿ, ಅದು ಕೊಳವಿ ಬಿಟ್ಟು ಬಂದು ಗಂಟು ಕಟ್ಟತೈತಿ. (ಗಂಟಾದ ಎಳಿ ನೇಕಾರರಿಗೆ ಹೊಸದಲ್ಲ ಬಿಡ್ರಿ.)

ಡೊನೆಪೆಜಿಲ್ ಅನ್ನೋ ಗುಳಿಗಿ ಬರದುಕೊಟ್ಟಾರ, ಅದು ಈ ಗಂಟು ಬಿಡಸೂದಿಲ್ಲಂತ. ಬಿಡಸೋ ಔಷಧದ ಬಗ್ಗೆ ಬಲ್ಲವರು ಕನ್ನಡದಾಗ ತಿಳಿಸಿ ಹೇಳ್ರಿ. ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ, ನರರೋಗದ ಆಸ್ಪತ್ರಿ)ಗೆ ಕರಕೊಂಡು ಹೋದವರು ಇದ್ದೀರೇನು? ರಾತ್ರಿ ಬಾಗಲಾ ತಗದು ಹೊಂಟುಬಿಡ್ತಾಳ, ನಿಮ್ಮನ್ಯಾಗ ಏನ್ ಮಾಡೀರಿ?