ಶಿಕ್ರಾನಾ, ಬೆಸ್ರಾನಾ? ಗಂಟಲಿನ ಗೆರೆ ನೋಡಿ ಗೊಂದಲ ಆಗಿದೆ

ತೋಟದಂಚು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ ಹತ್ತಿರ. ನಿನ್ನೆ ಬೆಳಿಗ್ಗೆ ಅಡಿಕೆ ತೋಟದಲ್ಲಿ ಒಂದು ಗಿಡುಗ ಕೂತಿತ್ತು. ಪಾರಿವಾಳಕ್ಕಿಂತ ಸ್ವಲ್ಪ ಚಿಕ್ಕದು. ಬೆನ್ನು ಕಂದು, ಕಣ್ಣು ಹಳದಿ, ಎದೆ ತುಂಬಾ ಕಂದು ಹನಿಗಳು. ಬಿಳಿ ಗಂಟಲಿನ ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ. ಶಿಕ್ರಾ, ಬೆಸ್ರಾ ಎರಡೂ ನೋಡೋಕೆ ಒಂದೇ ಥರದ ಸಣ್ಣ ಗಿಡುಗಗಳು. ಶಿಕ್ರಾಗೆ ಈ ಗೆರೆ ಮಸುಕು, ಬೆಸ್ರಾಗೆ ದಪ್ಪ ಅಂತ ಓದಿದ್ದೆ. ಹಾಗಾಗಿ ಬೆಸ್ರಾ ಅಂದುಕೊಂಡೆ. ಮೊಬೈಲ್ ಆ್ಯಪ್‌ಗೆ ಒಂದು ಫೋಟೊ ಹಾಕಿದರೆ ಶಿಕ್ರಾ ಅನ್ನುತ್ತದೆ, ಇನ್ನೊಂದು ಹಾಕಿದರೆ ಬೆಸ್ರಾ. ತೋಟದ ಹಕ್ಕಿಪಟ್ಟಿಯಲ್ಲಿ ತಪ್ಪು ಹೆಸರು ಬರೆಯಲು ಮನಸ್ಸಿಲ್ಲ. ಮೂರು ಫೋಟೊ ಹಾಕಿದ್ದೇನೆ, ದಯವಿಟ್ಟು ನೋಡಿ.

ಹಳೇ ಬೈನಾಕ್ಯುಲರ್:
ಮೊದಲು ವಯಸ್ಸು ನೋಡಿ, ಜಾತಿ ಆಮೇಲೆ. ನೀವು ಓದಿದ ಮಸುಕು ಗೆರೆ ಬೆಳೆದ ಶಿಕ್ರಾದ್ದು. ಅದರ ಬೆನ್ನು ಬೂದು, ಎದೆ ಮೇಲೆ ತೆಳು ಕೆಂಗಂದು ಅಡ್ಡಗೆರೆ. ಗಂಡಿನ ಕಣ್ಣು ಕೆಂಪು. ನಿಮ್ಮದಕ್ಕೆ ಬೆನ್ನು ಕಂದು, ಎದೆ ಮೇಲೆ ಹನಿ, ಅಂದರೆ ಎಳೆಯ ಹಕ್ಕಿ. ಎಳೆಯ ಶಿಕ್ರಾಗೂ ಗಂಟಲಿನ ಗೆರೆ ಚೆನ್ನಾಗೇ ಕಾಣುತ್ತದೆ. ಬೆಸ್ರಾದ್ದು ಅದಕ್ಕಿಂತ ದಪ್ಪ. ಆದರೆ ನೆರಳಲ್ಲಿ ತೆಗೆದ ಫೋಟೊದಲ್ಲಿ ದಪ್ಪ ಯಾವುದು, ತೆಳು ಯಾವುದು ಹೇಳೋದು ಕಷ್ಟ. ಬೆಸ್ರಾ ಅಂತ ದಾಖಲಾಗುವ ಎಷ್ಟೋ ಹಕ್ಕಿಗಳು ಈ ಒಂದು ಗೆರೆಯಿಂದಲೇ ದಾರಿ ತಪ್ಪಿದವು ಅಂತ ನನಗೆ ಅನ್ನಿಸುತ್ತದೆ.

ಗಾತ್ರವನ್ನೂ ನಂಬಬೇಡಿ. ಶಿಕ್ರಾ 26ರಿಂದ 30 ಸೆಂ.ಮೀ. ಬೆಸ್ರಾದ ಅಳತೆಯೂ ಇದರ ಆಚೀಚೆಯೇ. ಎರಡರಲ್ಲೂ ಹೆಣ್ಣು ದೊಡ್ಡದು.

ಬಾಲ ನೋಡಿ. ಬೆಸ್ರಾ ಬಾಲದ ಕಪ್ಪು ಪಟ್ಟೆಗಳು ಅಗಲ. ನಡುವಿನ ತಿಳಿ ಜಾಗವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಎಳೆಯ ಶಿಕ್ರಾದಲ್ಲಿ ಪಟ್ಟೆ ತೆಳು, ನಡುವಿನ ಜಾಗ ಜಾಸ್ತಿ. ಆಮೇಲೆ ಕಾಲು. ಬೆಸ್ರಾ ಕಾಲು ಕಡ್ಡಿಯ ಹಾಗೆ, ನಡುಬೆರಳು ತುಂಬಾ ಉದ್ದ. ಅದು ಕಾಡಿನೊಳಗೆ ಸಣ್ಣ ಹಕ್ಕಿಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಶಿಕ್ರಾಗೆ ಓತಿಕ್ಯಾತ, ಇಲಿ, ಮಿಡತೆ ಎಲ್ಲ ಆಗುತ್ತದೆ. ಅದರ ಬೆರಳು ಮೋಟು, ದಪ್ಪ. ನಿಮ್ಮ ಮೂರನೇ ಫೋಟೊದಲ್ಲಿ ಬಾಲ ಬಿಚ್ಚಿದೆ. ದೊಡ್ಡದು ಮಾಡಿ ನೋಡಿ, ಏನು ಕಾಣುತ್ತದೆ ಹೇಳಿ.

ಕೆರೆದಂಡೆ:
ಗಿಡುಗದ ಹಾಗೇ ಕಾಣುವ ಚಾಣ ಕೋಗಿಲೆ ಆಗಿರಬಹುದಾ? ನಾನು ಎರಡು ಸಲ ಅದನ್ನೇ ಶಿಕ್ರಾ ಅಂದುಕೊಂಡಿದ್ದೇನೆ.

ಹಳೇ ಬೈನಾಕ್ಯುಲರ್:
ಒಳ್ಳೆ ಪ್ರಶ್ನೆ. ಆ ಕೋಗಿಲೆ ಹಾರುವ ರೀತಿಯೂ ಶಿಕ್ರಾ ಹಾಗೇ ಇರುತ್ತದೆ, ಸಣ್ಣ ಹಕ್ಕಿಗಳೇ ಹೆದರಿ ಕೂಗುತ್ತವೆ. ಆದರೆ ಈ ಫೋಟೊಗಳಲ್ಲಿ ಕೊಕ್ಕು ಗಿಡ್ಡ, ಕೊಕ್ಕೆಯ ಹಾಗೆ ಬಾಗಿದೆ. ಉಗುರೂ ಕಾಣುತ್ತಿದೆ. ಕೋಗಿಲೆ ಅಲ್ಲ.

ಘಟ್ಟದ ಮೇಲೆ:
ಮಲೆನಾಡು ಅಂದಮೇಲೆ ಜುಟ್ಟಿನ ಗಿಡುಗವನ್ನೂ ಮರೆಯಬೇಡಿ. ಅದಕ್ಕೂ ಗಂಟಲಲ್ಲಿ ದಪ್ಪ ಗೆರೆ ಇದೆ. ಆದರೆ ಮೈ ದೊಡ್ಡದು, ಕಾಲು ಗಟ್ಟಿ. ಹಾರುವಾಗ ರೆಕ್ಕೆ ತುದಿಯಲ್ಲಿ ಆರು ಗರಿಗಳು ಬೆರಳಿನ ಹಾಗೆ ಬಿಡಿಸಿಕೊಳ್ಳುತ್ತವೆ. ಶಿಕ್ರಾ, ಬೆಸ್ರಾ ಎರಡಕ್ಕೂ ಐದೇ. ಹಾರುವ ಫೋಟೊ ಸಿಕ್ಕರೆ ಮೊದಲು ಅದನ್ನೇ ಎಣಿಸಿ.

ತೋಟದಂಚು:
ಬಾಲ ದೊಡ್ಡದು ಮಾಡಿ ನೋಡಿದೆ. ಪಟ್ಟೆಗಳು ತೆಳು, ನಡುವಿನ ಜಾಗ ಎರಡು ಪಟ್ಟು ಇರಬಹುದು. ನಡುಬೆರಳೂ ಅಷ್ಟೇನು ಉದ್ದ ಇಲ್ಲ. ಇವತ್ತು ಸಂಜೆ ಅದೇ ಕಡೆಯಿಂದ ಎರಡು ಸ್ವರದ ಕೂಗು ಕೇಳಿತು. ಮೊದಲನೆಯದು ಏರು, ಎರಡನೆಯದು ಎಳೆದ ಹಾಗೆ.

ಹಳೇ ಬೈನಾಕ್ಯುಲರ್:
ಕೂಗು ಶಿಕ್ರಾದ್ದೇ ಅನ್ನಿಸುತ್ತದೆ. ಆದರೆ ಕಾಜಾಣಗಳು ಅದನ್ನು ಚೆನ್ನಾಗಿ ಅನುಕರಿಸುತ್ತವೆ, ಹಕ್ಕಿ ಕಾಣದೆ ಕೂಗು ಮಾತ್ರ ಕೇಳಿದರೆ ಲೆಕ್ಕಕ್ಕೆ ಹಿಡಿಯಬೇಡಿ. ಬಾಲ, ಬೆರಳು ಎರಡೂ ಒಂದೇ ಮಾತು ಹೇಳುತ್ತಿವೆ ಅಲ್ವಾ? ಎಳೆಯ ಶಿಕ್ರಾ ಅಂತ ಧೈರ್ಯವಾಗಿ ಬರೆಯಿರಿ.

ತೋಟದಂಚು:
ಬರೆದೆ. ತುಂಬಾ ಧನ್ಯವಾದ. ಹೋದ ವರ್ಷ ಬೆಸ್ರಾ ಅಂತ ಬರೆದಿದ್ದ ಎರಡು ಹಕ್ಕಿಗಳ ಫೋಟೊ ಮತ್ತೆ ತೆಗೆದೆ. ಒಂದರಲ್ಲಿ ಬಾಲವೂ ಇಲ್ಲ, ಕಾಲೂ ಇಲ್ಲ, ಗಂಟಲು ಮಾತ್ರ. ಅದನ್ನು ‘ಗಿಡುಗ, ಜಾತಿ ಗೊತ್ತಾಗಲಿಲ್ಲ’ ಅಂತ ತಿದ್ದಿದೆ. ಇನ್ನೊಂದರಲ್ಲಿ ನಡುಬೆರಳು ನಿಜಕ್ಕೂ ಉದ್ದ ಕಾಣುತ್ತಿದೆ. ನಾಳೆ ಇಲ್ಲೇ ಹಾಕುತ್ತೇನೆ.