ಶನಿವಾರ ಬಳಿದ ಬೀಟ್‌ರೂಟ್ ಸೋಮವಾರಕ್ಕೆ ಮಣ್ಣಿನ ಬಣ್ಣ. ಮಕ್ಕಳಿಗೆ ಏನು ಹೇಳಲಿ?

ಸಿರಾ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಸಿರಾ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಮೂರರಿಂದ ಆರು ವರ್ಷದ 19 ಮಕ್ಕಳಿದ್ದಾರೆ. ಕ್ರೇಯಾನ್ ಡಬ್ಬಿಯಲ್ಲಿ ಈಗ ಉಳಿದಿರುವುದು ಬಿಳಿ ಮತ್ತು ಅರ್ಧ ಕಂದು. ಬಿಳಿ ಯಾವತ್ತೂ ಉಳಿಯುತ್ತೆ ಬಿಡಿ.

ಗೋಡೆ ಮೇಲೆ ಬಣ್ಣಗಳ ಚಾರ್ಟ್ ಇದೆ. ಕಡ್ಡಿ ಇಟ್ಟರೆ 'ಕೆಂಪು, ಹಳದಿ, ನೀಲಿ' ಅಂತ ರಾಗವಾಗಿ ಹೇಳುತ್ತಾರೆ. ಕಡ್ಡಿಯನ್ನು ಬೇರೆ ಕಡೆ ಇಟ್ಟರೂ ಅದೇ ರಾಗ, ಅದೇ ಸಾಲು. ಹೊರಗೆ ಕರೆದುಕೊಂಡು ಹೋಗಿ ಹುಣಸೆ ಚಿಗುರು ತೋರಿಸಿದರೆ ಸುಮ್ನೆ ನಿಲ್ಲುತ್ತಾರೆ. ನಾಲ್ಕು ವರ್ಷದ ಒಬ್ಬನಿಗಂತೂ ಕೇಳಿದ್ದೆಲ್ಲ 'ಕೆಂಪು'. ಆಕಾಶ? ಕೆಂಪು. ಎಮ್ಮೆ? ಕೆಂಪು.

ಅದಕ್ಕೇ ಹೋದ ತಿಂಗಳು ಅಡುಗೆಮನೆ ಬಣ್ಣ ಶುರು ಮಾಡಿದೆ. ತುರಿದು ಹಿಂಡಿದ ಬೀಟ್‌ರೂಟ್, ಅರಿಶಿನ, ಅರೆದ ಪಾಲಕ್. ಶನಿವಾರ ಬರೆದ ಚಿತ್ರಗಳನ್ನು ಕಿಟಕಿ ಹತ್ತಿರ ದಾರಕ್ಕೆ ನೇತುಹಾಕಿದೆವು. ಏನು ಚೆಂದ ಅಂತೀರಾ! ಸೋಮವಾರ ಬಾಗಿಲು ತೆಗೆದರೆ ಬೀಟ್‌ರೂಟ್ ಕಂದು, ಪಾಲಕ್ ಸಗಣಿ ಬಣ್ಣ. 'ಮಿಸ್, ನನ್ನ ಹೂವನ್ನ ಯಾರೋ ಕೆಡಿಸಿದ್ದಾರೆ' ಅಂತ ಒಬ್ಬಳು ಅತ್ತೇಬಿಟ್ಟಳು. ಸಾಲದ್ದಕ್ಕೆ ಬಸಳೆ ಹಣ್ಣಿನ ರಸ ಮೂವರ ಅಂಗಿಗೆ ಹತ್ತಿತ್ತು. ಅವರ ಅಮ್ಮಂದಿರ ಹತ್ತಿರ ಬೈಸಿಕೊಂಡೆ.

ಬಣ್ಣ ಉಳಿಯಬೇಕಾದರೆ ಏನು ಮಾಡಬೇಕು? ನೀಲಿ ಯಾವುದರಿಂದ ಬರುತ್ತೆ? ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರಿನ ಕೆಂಪು ಮಾಡ್ತೀವಲ್ಲ, ಅದನ್ನು ಮಕ್ಕಳ ಕೈಗೆ ಕೊಡಬಹುದಾ? ಇಲ್ಲಾ, ಇದನ್ನೆಲ್ಲ ಬಿಟ್ಟು ಚಾರ್ಟಿಗೇ ವಾಪಸ್ ಹೋಗಲಾ?

ಟೆರೇಸ್ ತೋಟ:

ನೀಲಿಗೆ ಶಂಖಪುಷ್ಪ ಅಕ್ಕ. ಬೇಲಿ ಮೇಲೆ ಹಬ್ಬುತ್ತಲ್ಲ, ಅದೇ. ಹತ್ತು ಹನ್ನೆರಡು ಹೂವನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿಡಿ. ಹೂವು ಬಿಳುಚಿಕೊಳ್ಳುತ್ತೆ, ನೀರು ನೀಲಿ ಆಗುತ್ತೆ. ಆರಿದ ಮೇಲೆ ಮಕ್ಕಳಿಗೆ ಕೊಟ್ಟು, ನಿಂಬೆರಸ ಒಂದೊಂದೇ ಹನಿ ಹಾಕಲು ಹೇಳಿ. ನೇರಳೆ ಆಗಿ, ಆಮೇಲೆ ಗುಲಾಬಿ ಆಗುತ್ತೆ. ಹೂವನ್ನು ನೆರಳಲ್ಲಿ ಒಣಗಿಸಿ ಇಟ್ಟುಕೊಂಡರೂ ನಡೆಯುತ್ತೆ.

ಇನ್ನೊಂದು, ಕೆಂಪು ದಾಸವಾಳದ ಎಸಳನ್ನು ಬಿಳಿ ಹಾಳೆ ಮೇಲೆ ಉಜ್ಜಿ ನೋಡಿ. ಬರುವ ಬಣ್ಣ ಕೆಂಪಲ್ಲ, ನೀಲಿ ಕಡೆಗಿರುವ ನೇರಳೆ. ನನ್ನ ಮಗಳಿಗೆ ಐದು ವರ್ಷ. ಹೂವು ಸುಳ್ಳು ಹೇಳ್ತಿದೆ ಅಂತ ಅವಳಿಗೆ ಸಿಟ್ಟೇ ಬಂದಿತ್ತು! ಅದರ ಮೇಲೂ ನಿಂಬೆ ಹೋಳಿನಿಂದ ಬರೆದರೆ ಗುಲಾಬಿ ಗೆರೆ ಮೂಡುತ್ತೆ.

ನೇರಮಾತು:

ಬೇಜಾರು ಮಾಡ್ಕೋಬೇಡಿ. ಒಂದು ಡಬ್ಬಿ ಕ್ರೇಯಾನ್‌ಗೆ ಎಷ್ಟಾಗುತ್ತೆ? ಊರಲ್ಲಿ ಯಾರನ್ನಾದರೂ ಕೇಳಿದರೆ ನಾಲ್ಕು ಡಬ್ಬಿ ಕೊಡಿಸುತ್ತಾರೆ. ಅರೆದು, ಸೋಸಿ, ಕೈ ತೊಳೆಸಿ, ಅಮ್ಮಂದಿರ ಹತ್ತಿರ ಬೈಸಿಕೊಂಡು... ಬಣ್ಣದ ಹೆಸರು ಕಲಿಸೋಕೆ ಇಷ್ಟೆಲ್ಲ ಬೇಕಾ?

ಸಾಗರದ ಡ್ರಾಯಿಂಗ್ ಮೇಷ್ಟ್ರು (ನಿವೃತ್ತ):

ಟೀಚರಮ್ಮ, ಮೊದಲು ಸುಣ್ಣದ ಮಾತು. ಬೇಡ. ಎಲೆಅಡಿಕೆ ಸುಣ್ಣವಾದರೂ ಬೇಡ. ಆ ವಯಸ್ಸಿನ ಮಕ್ಕಳ ಕೈ ನೇರ ಕಣ್ಣಿಗೇ ಹೋಗುತ್ತೆ, ಸುಣ್ಣ ಕಣ್ಣು ಸುಡುತ್ತೆ. ಆ ಕೆಂಪಿಗೆ ಬಟ್ಟೆ ಸೋಪು ಸಾಕು. ಬಿಳಿ ಅಂಗಿ ಮೇಲೆ ಸಾರು ಚೆಲ್ಲಿ, ಸೋಪು ಹಚ್ಚಿದ ತಕ್ಷಣ ಕಲೆ ಕೆಂಪಗಾಗಿದ್ದು ನೋಡಿಲ್ಲವೇ? ಅದೇ.

ಹೀಗೆ ಮಾಡಿ. ಅರ್ಧ ಚಮಚ ಅರಿಶಿನವನ್ನು ಗಂಜಿಯಲ್ಲಿ ಕಲಸಿ, ಬಟ್ಟೆಯಿಂದ ಹಾಳೆಗೆ ತೆಳ್ಳಗೆ ಬಳಿಯಿರಿ. ನೆರಳಲ್ಲಿ ಪೂರ್ತಿ ಒಣಗಲಿ. ಬಾರ್ ಸೋಪಿನ ಚೂರನ್ನು ನೀರಿನಲ್ಲಿ ನೀವೇ ಕದಡಿ. ಕಡ್ಡಿ ತುದಿಗೆ ಹತ್ತಿ ಸುತ್ತಿ, ಅದ್ದಿ ಕೊಡಿ. ಮಗು ಹಳದಿ ಹಾಳೆ ಮೇಲೆ ಆ ಸೋಪು ನೀರಿನಿಂದ ಗೆರೆ ಎಳೆಯುತ್ತೆ, ಗೆರೆ ಇಟ್ಟಿಗೆ ಕೆಂಪಾಗಿ ಏಳುತ್ತೆ. ಅಡುಗೆ ಸೋಡಾ ನೀರೂ ಆದೀತು, ಕೆಂಪು ಸ್ವಲ್ಪ ಮಂಕು. ಆಮೇಲೆ ಆ ಗೆರೆ ಮೇಲೆ ನಿಂಬೆರಸ ಮುಟ್ಟಿಸಿ, ಮತ್ತೆ ಹಳದಿ. ಆಗ ಮಕ್ಕಳು ಮಾತೇ ಆಡುವುದಿಲ್ಲ. ನೀವೂ ಆಡಬೇಡಿ. 'ಇದು ಯಾವ ಬಣ್ಣ ಹೇಳು' ಅಂತ ಕೇಳಿದಿರೋ, ಆಟ ಹೋಗಿ ಪರೀಕ್ಷೆ ಆಯಿತು. ಮೂವತ್ತು ವರ್ಷ ನಾನೂ ಅದೇ ತಪ್ಪು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಉಳಿಯುವ ಬಣ್ಣ ಬೇಕಾ? ಮಣ್ಣಿಗೆ ಹೋಗಿ. ಬೀಟ್‌ರೂಟ್, ಬಸಳೆ, ಶಂಖಪುಷ್ಪ ಎಲ್ಲ ಬೆಳಕಿಗೆ ಸಾಯುತ್ತವೆ, ಅರಿಶಿನವೂ ಬಿಸಿಲಿಗೆ ಬಿಳುಚುತ್ತೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಜಾತಿಯದ್ದು. ಬಿಸಿಲಲ್ಲೇ ಬಿದ್ದು ಬೆಳೆದಿದೆ, ಇನ್ನು ಬಿಸಿಲು ಅದಕ್ಕೇನು ಮಾಡೀತು? ಒಂದು ಹಿಡಿ ಮಣ್ಣನ್ನು ಚೊಂಬು ನೀರಲ್ಲಿ ಕದಡಿ, ಇಪ್ಪತ್ತು ಎಣಿಸಿ. ಮರಳು ತಳಕ್ಕೆ ಕೂರುತ್ತೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿ ಬಿಡಿ. ಬೆಳಗ್ಗೆ ತಿಳಿನೀರು ಚೆಲ್ಲಿದರೆ ಅಡಿಯಲ್ಲಿ ಬೆಣ್ಣೆಯಂಥ ನುಣುಪು ಮಣ್ಣು. ಅದಕ್ಕೆ ನೆನೆಸಿದ ಜಾಲಿ ಅಂಟು ಸೇರಿಸಿದರೆ ಒಣಗಿದ ಮೇಲೂ ಉದುರುವುದಿಲ್ಲ.

ನಮ್ಮ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವುದು ನಾಲ್ಕೇ ಬಣ್ಣದಲ್ಲಿ. ಕೆಮ್ಮಣ್ಣು ಬಳಿದ ಗೋಡೆ, ಅರೆದ ಅಕ್ಕಿಯ ಬಿಳಿ, ಕರಿಯಾಗುವವರೆಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೂ ಪುಂಡಿ ನಾರಿನದು. ನೀಲಿ ಇಲ್ಲ, ಹಸಿರು ಇಲ್ಲ. ಆ ಗೋಡೆ ಮುಂದೆ ನಿಂತವರು ನೀಲಿ ಎಲ್ಲಿ ಅಂತ ಕೇಳಿದ್ದು ನಾನು ಕಂಡಿಲ್ಲ.

ಕಪ್ಪಿಗೆ ಇನ್ನೊಂದು ದಾರಿ. ಗಟ್ಟಿ ಟೀ ಡಿಕಾಕ್ಷನ್‌ಗೆ ತುಕ್ಕು ಹಿಡಿದ ಮೊಳೆ ಹಾಕಿ ರಾತ್ರಿ ಇಡಿ. ಬೆಳಗ್ಗೆ ಶಾಯಿಯ ಹಾಗೆ ಕಪ್ಪಾಗಿರುತ್ತೆ. ಮೊಳೆ ತೆಗೆದಿಟ್ಟು, ಸೋಸಿ ಕೊಡಿ. ಮಕ್ಕಳು ಬಾಯಿಗೆ ಹಾಕದಂತೆ ಪಕ್ಕದಲ್ಲೇ ಇರಿ.

ಗಿಡ ಹುಡುಕಲು ಮಕ್ಕಳನ್ನು ಬಿಡುವುದಾದರೆ ಕಣಗಿಲೆ, ಉಮ್ಮತ್ತಿ, ಎಕ್ಕದ ಹಾಲು, ಗುಲಗಂಜಿ ಇವುಗಳ ಹತ್ತಿರ ಸುಳಿಯಗೊಡಬೇಡಿ. ಗುಲಗಂಜಿ ಕೆಂಪು-ಕಪ್ಪಾಗಿ ಚೆಂದ ಇರುತ್ತೆ, ಅದಕ್ಕೇ ಅಪಾಯ ಜಾಸ್ತಿ.

ಇನ್ನು ಅತ್ತ ಹುಡುಗಿಯ ವಿಷಯ. ಯಾರೂ ಕೆಡಿಸಿಲ್ಲ ಅಂತ ಅವಳಿಗೇ ಗೊತ್ತಾಗಲಿ. ಒಂದು ಬೀಟ್‌ರೂಟ್ ಹೂವನ್ನು ಕಿಟಕಿಯಲ್ಲಿ ನೇತುಹಾಕಿ, ಇನ್ನೊಂದನ್ನು ಹಾಜರಿ ಪುಸ್ತಕದೊಳಗೆ ಇಡಿ. ಎರಡು ದಿನ ಬಿಟ್ಟು ಅವಳ ಕೈಲೇ ತೆಗೆಸಿ.

ನೇರಮಾತಿನವರೇ, ಕ್ರೇಯಾನ್ ಧಾರಾಳವಾಗಿ ಕೊಡಿಸಿ, ಒಳ್ಳೆಯದೇ. ಆದರೆ ಕ್ರೇಯಾನಿನ ಕೆಂಪು ಇವತ್ತೂ ಅದೇ, ನಾಳೆಯೂ ಅದೇ. ಕಿತ್ತಳೆ, ನೇರಳೆ, ಗುಲಾಬಿ, ಬೂದು, ಈ ಹೆಸರುಗಳೆಲ್ಲ ನಮಗೆ ಬಂದದ್ದು ಹಣ್ಣು, ಹೂವು, ಒಲೆಯಿಂದ ಅಲ್ವಾ? ನೇರಳೆ ಹಣ್ಣು ತಿಂದು ಒಬ್ಬರ ನಾಲಿಗೆ ಒಬ್ಬರು ನೋಡಿದ ಮಕ್ಕಳಿಗೆ ಆ ಬಣ್ಣ ಹೇಳಿಕೊಡಬೇಕಾಗಿಲ್ಲ.

ಸಿರಾ ಟೀಚರ್ (ಮೂರು ವಾರದ ನಂತರ):

ಮೇಷ್ಟ್ರೇ, ಸೋಪಿನ ಚಿತ್ರ ಮೊದಲ ದಿನ ಕೆಟ್ಟಿತು. ಹಾಳೆ ಒಣಗಿರಲಿಲ್ಲ, ಗೆರೆಯೆಲ್ಲ ಹರಡಿ ಕೆಂಪು ರಾಡಿ. ಎರಡನೇ ದಿನ ನೀವು ಹೇಳಿದ ಹಾಗೇ ಆಯಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಕಷ್ಟ ಆಯಿತು!

ಹೂವಿನ ಹುಡುಗಿ ಹಾಜರಿ ಪುಸ್ತಕ ತೆಗೆದು ನೋಡಿದಳು. ಒಳಗಿದ್ದ ಹೂವು ಇನ್ನೂ ಗುಲಾಬಿ ಇತ್ತು, ಸ್ವಲ್ಪ ಮಂಕಾಗಿತ್ತು. 'ಮಿಸ್, ಬಿಸಿಲು ತಿಂದಿದೆ' ಅಂದಳು.

ಮಣ್ಣಿಗೆ ಮಕ್ಕಳಿಗೆಲ್ಲ ತೆಂಗಿನ ಚಿಪ್ಪು ಕೊಟ್ಟು, ಮನೆ ಹತ್ತಿರದ್ದು ತನ್ನಿ ಅಂದೆ. ಹೊಲದ್ದು, ಕೆರೆಯದ್ದು, ಹುತ್ತದ್ದು, ಪಾಯ ತೋಡಿದ ಗುಂಡಿಯದ್ದು. ಒಂದೇ ಊರಲ್ಲಿ ಏಳು ಬಣ್ಣ ಸಿಕ್ಕವು. ಹದಿನಾಲ್ಕು ವರ್ಷದಿಂದ ಅದೇ ಮಣ್ಣು ತುಳಿದುಕೊಂಡು ಬರುತ್ತಿದ್ದೇನೆ, ನಾನೇ ನೋಡಿರಲಿಲ್ಲ.

ಚಿಪ್ಪುಗಳನ್ನು ಸಾಲಾಗಿ ಇಟ್ಟಾಗ ನಮ್ಮ 'ಕೆಂಪು' ಹುಡುಗ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ನೋಡಿದ. ಯಾರೂ ಏನೂ ಕೇಳಿರಲಿಲ್ಲ. ಬೆರಳಿಟ್ಟುಕೊಂಡು ಹೋದ. 'ಇದು ಕೆಂಪು. ಇದು ಇಟ್ಟಿಗೆ. ಇದು ಬೂದಿ.' ನಾಲ್ಕನೇ ಚಿಪ್ಪಿನ ಹತ್ತಿರ ನಿಂತ. ಅದು ಹುತ್ತದ ಮಣ್ಣು, ಹಳದಿಯೂ ಅಲ್ಲ, ಕಂದೂ ಅಲ್ಲ. 'ಇದು ನಮ್ಮ ನಾಯಿ' ಅಂದ. ಈಗ ನಮ್ಮ ಅಂಗನವಾಡಿಯಲ್ಲಿ ಆ ಬಣ್ಣಕ್ಕೆ ಎಲ್ಲರೂ ನಾಯಿ ಬಣ್ಣ ಅಂತಲೇ ಕರೆಯುತ್ತಾರೆ.

ಒಂದು ತೊಂದರೆ. ನೆನೆಸಿದ ಜಾಲಿ ಅಂಟು ನಾಲ್ಕು ದಿನಕ್ಕೆ ವಾಸನೆ ಬಂತು. ಏನು ಮಾಡಲಿ?

ಸಾಗರದ ಡ್ರಾಯಿಂಗ್ ಮೇಷ್ಟ್ರು (ನಿವೃತ್ತ):

ಎರಡು ದಿನಕ್ಕೆ ಬೇಕಾದಷ್ಟೇ ನೆನೆಸಿ. ಎರಡು ಲವಂಗ ಜಜ್ಜಿ ಹಾಕಿದರೆ ಇನ್ನೂ ಸ್ವಲ್ಪ ದಿನ ತಡೆಯುತ್ತೆ.

ಆ ನಾಯಿಯದ್ದೊಂದು ಫೋಟೋ ಹಾಕಿ, ನೋಡೋಣ.