ಜ್ವರ ಬಿಟ್ಟು ವಾಕಿಂಗ್‌ಗೆ ಹೊರಟರೆ ಮಂಡಿ ಹಿಡಿಯುತ್ತದೆ: ಎಷ್ಟು ದಿನ ವಿಶ್ರಾಂತಿ, ಎಷ್ಟು ನಡಿಗೆ?

ಡೊಂಬಿವಲಿ_ಈಸ್ಟ್

ಎಲ್ಲರಿಗೂ ನಮಸ್ಕಾರ. ವಯಸ್ಸು 61, ತೂಕ 74 ಕೆಜಿ. ಬಿಪಿಗೆ ಟೆಲ್ಮಿಸಾರ್ಟಾನ್ 40 ಇದೆ, ಶುಗರ್ ಇಲ್ಲ. ಬೆಳಿಗ್ಗೆ 50 ನಿಮಿಷದಲ್ಲಿ ಸುಮಾರು 5 ಕಿ.ಮೀ. ನಡಿಗೆ, ವಾರಕ್ಕೆ ಎರಡು ದಿನ 5 ಕೆಜಿ ಡಂಬೆಲ್. ಮಳೆಗಾಲದಲ್ಲಿ ಎರಡು ಸಲವಾದರೂ ನೆಗಡಿ, ಜ್ವರ ಬಂದೇ ಬರುತ್ತದೆ. ಜ್ವರ ಮೂರು ದಿನಕ್ಕೆ ಬಿಟ್ಟರೂ ಸುಸ್ತು ಹೋಗಿಲ್ಲವೆಂದು ಮನೆಯವರು ಹದಿನೈದು ದಿನ ಹೊರಗೆ ಬಿಡುವುದಿಲ್ಲ. ಆಮೇಲೆ ಮೊದಲಿನ ಹಾಗೆ 5 ಕಿ.ಮೀ. ಹೊರಟರೆ ಮೂರನೇ ದಿನಕ್ಕೆ ಬಲಮಂಡಿ ಚಿಪ್ಪಿನ ಸುತ್ತ ನೋವು. ಸಮತಟ್ಟಿನಲ್ಲಿ ಅಷ್ಟಿಲ್ಲ, ಸ್ಟೇಷನ್ ಬ್ರಿಡ್ಜ್ ಇಳಿಯುವಾಗ ಜಾಸ್ತಿ. ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ಹಿಮ್ಮಡಿ ಚುಚ್ಚುತ್ತದೆ, ಹತ್ತಿಪ್ಪತ್ತು ಹೆಜ್ಜೆಗೆ ಸಡಿಲವಾಗುತ್ತದೆ.

ಯಾವ ಕಾಯಿಲೆಗೆ ನಡಿಗೆ ನಿಲ್ಲಿಸಬೇಕು, ಯಾವುದಕ್ಕೆ ಬೇಡ? ಮತ್ತೆ ಶುರು ಮಾಡುವುದು ಹೇಗೆ? ಮಂಡಿ ನೋಯುತ್ತಿದ್ದರೂ ನಡೆಯಬಹುದೇ? ಹೊರಡುವ ಮೊದಲು ಒಂದು ಪೇನ್‌ಕಿಲ್ಲರ್ ನುಂಗಿದರೆ ತಪ್ಪೇ?

ಕೋಥ್ರೂಡ್_ಫಿಸಿಯೊ

ಸರ್, ನಿಮ್ಮ ಮಂಡಿನೋವಿನ ಬೇರು ಆ ಹದಿನೈದು ದಿನದ ಮಂಚದಲ್ಲಿದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸರಾಸರಿ 67 ವಯಸ್ಸಿನ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಕಾಲುಗಳಿಂದಲೇ ಹತ್ತಿರ ಹತ್ತಿರ 1 ಕೆಜಿ ಮಾಂಸ ಕರಗಿತ್ತು. ಅವರಿಗೆ ಜ್ವರವೂ ಇರಲಿಲ್ಲ. ಜ್ವರ ಬಂದು ಊಟವೂ ಸೇರದಿದ್ದರೆ ಕರಗುವುದು ಇನ್ನೂ ಬೇಗ.

ಮೊದಲು ಸೊರಗುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಮೆಟ್ಟಿಲು ಇಳಿಯುವಾಗ ಮೈಭಾರವನ್ನು ಬ್ರೇಕ್ ಹಿಡಿದ ಹಾಗೆ ನಿಧಾನವಾಗಿ ಕೆಳಗಿಳಿಸುವುದು ಅದೇ. ಅದು ಸೋತರೆ ಚಿಪ್ಪಿನ ಹಿಂದಿನ ಕೀಲಿನ ಮೇಲೆ ಒತ್ತಡ ಬೀಳುತ್ತದೆ. ಸಮತಟ್ಟಿನಲ್ಲಿ ಸುಮ್ಮನಿದ್ದ ನೋವು ಬ್ರಿಡ್ಜ್ ಇಳಿಯುವಾಗ ಕೆಣಕುವುದು ಇದಕ್ಕೇ. ನಿಮ್ಮ ವಯಸ್ಸಿಗೆ ಕೀಲಿನ ಸವೆತವೂ ಸ್ವಲ್ಪ ಇರಬಹುದು. ಇದ್ದರೂ ಮದ್ದು ಅದೇ, ತೊಡೆಗೆ ಬಲ ಬರಬೇಕು.

ಹಾಗಾಗಿ ಜ್ವರದ ದಿನಗಳಲ್ಲೇ ಕಾಲನ್ನು ಪೂರ್ತಿ ಮರೆಯಬಾರದು. ಮಲಗಿದಲ್ಲೇ ಪಾದವನ್ನು ಮುಂದೆ ಹಿಂದೆ 20 ಸಲ ಆಡಿಸಿ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಮಂಡಿಯಿಂದ ಕೆಳಗೆ ಒತ್ತಿ 5 ಸೆಕೆಂಡ್ ಹಿಡಿಯಿರಿ, 10 ಸಲ, ದಿನಕ್ಕೆ ಮೂರು ಹೊತ್ತು. ಗಂಜಿಯನ್ನು ಹಾಸಿಗೆಗೆ ತರಿಸಿಕೊಳ್ಳದೆ ಮೇಜಿಗೇ ಬಂದು ಕುಡಿಯಿರಿ. ಏಳುವಾಗ ಮಾತ್ರ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಜ್ವರದಲ್ಲಿ ನೀರಿನಂಶ ಕಡಿಮೆಯಾಗಿ ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ. ಬಾತ್‌ರೂಮ್ ಬಾಗಿಲಲ್ಲಿ ಬೀಳುವುದು ಹೀಗೇ.

ಮತ್ತೆ ಶುರು ಮಾಡುವ ಲೆಕ್ಕ: ಪ್ಯಾರಾಸಿಟಮಾಲ್ ನುಂಗದೆಯೂ 24 ಗಂಟೆ ಜ್ವರ ಬಂದಿರಬಾರದು. ಆಮೇಲೆ ಎರಡು ದಿನ ಮನೆಯೊಳಗೋ ಕಾರಿಡಾರಿನಲ್ಲೋ 10 ನಿಮಿಷದಂತೆ ಎರಡು ಹೊತ್ತು. ಮೂರು, ನಾಲ್ಕನೇ ದಿನ ಒಂದೇ ಹೊತ್ತಿಗೆ 20 ನಿಮಿಷ. ವಾರ ಮುಗಿಯುವ ಹೊತ್ತಿಗೆ 30 ನಿಮಿಷ, ಅದೂ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಎರಡನೇ ವಾರ 40. ಮೂರನೇ ವಾರ ನಿಮ್ಮ 50 ನಿಮಿಷ. ಮೊದಲು ಸಮಯ ಬೆಳೆಸಿ, ಆಮೇಲೆ ವೇಗ, ಕಟ್ಟಕಡೆಗೆ ಏರು ಮತ್ತು ಮೆಟ್ಟಿಲು. ಡಂಬೆಲ್ ಮೊದಲ ವಾರ ಅರ್ಧ ತೂಕದ್ದು. ಪುಣೆಯಲ್ಲಿ ಜನ ಜ್ವರ ಬಿಟ್ಟ ಮರುದಿನವೇ ಪರ್ವತಿ ಬೆಟ್ಟದ 103 ಮೆಟ್ಟಿಲಿಗೆ ಹೊರಡುತ್ತಾರೆ. ಏರುವುದೇನೋ ಏರುತ್ತಾರೆ, ಇಳಿಯುವಾಗ ಮಂಡಿ ಲೆಕ್ಕ ಕೇಳುತ್ತದೆ.

ಆರೋಗ್ಯವಾಗಿದ್ದಾಗ ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ನಾಡಿ ಎಷ್ಟಿರುತ್ತದೆಂದು ಒಂದು ವಾರ ಬರೆದಿಟ್ಟುಕೊಳ್ಳಿ. ಜ್ವರದ ಬಳಿಕ ಅದು ಮಾಮೂಲಿಗಿಂತ 10 ಹೆಚ್ಚಿದ್ದರೆ ಆ ದಿನ ಹೆಚ್ಚಿಸಬೇಡಿ, ನಿನ್ನೆಯಷ್ಟೇ ಸಾಕು. ಟೆಲ್ಮಿಸಾರ್ಟಾನ್ ನಾಡಿಯನ್ನು ನಿಧಾನ ಮಾಡುವುದಿಲ್ಲ, ಆದ್ದರಿಂದ ನಿಮಗೆ ಈ ಲೆಕ್ಕ ನಡೆಯುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರು ನಾಡಿಯನ್ನು ನಂಬದೆ ಏದುಸಿರನ್ನು ನೋಡಬೇಕು.

ಇನ್ನು ಮಂಡಿ. ಕೈ ಇರುವ ಗಟ್ಟಿ ಕುರ್ಚಿ, ಸುಮಾರು 45 ಸೆಂ.ಮೀ. ಎತ್ತರದ್ದು, ಗೋಡೆಗೆ ಒತ್ತಿಡಿ. ಕೈ ಊರದೆ ಎದ್ದು, ಮೂರು ಎಣಿಸುತ್ತ ಕೂರಿ. 8 ಸಲ ಒಂದು ಸೆಟ್, ಎರಡು ಸೆಟ್, ದಿನ ಬಿಟ್ಟು ದಿನ. ಸುಲಭವೆನಿಸಿದಾಗ ಮೂರು ಸೆಟ್. ಕೆಡುವುದು ಎಲ್ಲಿ ಅಂದರೆ, ಒಂದು, ಮಂಡಿಗಳು ಒಳಗೆ ವಾಲುತ್ತವೆ. ಎರಡನೇ ಕಾಲ್ಬೆರಳಿನ ನೇರಕ್ಕೇ ಇರಲಿ. ಇನ್ನೊಂದು, ಕೊನೆಯ ನಾಲ್ಕು ಬೆರಳು ಎತ್ತರದಲ್ಲಿ ಧೊಪ್ಪೆಂದು ಕೂತುಬಿಡುತ್ತಾರೆ. ಬಲ ಬರಬೇಕಾದ್ದೇ ಆ ನಾಲ್ಕು ಬೆರಳಿನಲ್ಲಿ. ಆಗದಿದ್ದರೆ ಕುರ್ಚಿಗೆ ದಿಂಬು ಹಾಕಿ ಎತ್ತರಿಸಿ, ವಾರ ವಾರ ತೆಳ್ಳಗೆ ಮಾಡಿ. ಸೋಫಾ ಬೇಡ, ಅದು ತಗ್ಗು, ಮೆತ್ತಗೆ. ಮೂರನೇ ವಾರದಿಂದ ಬಿಲ್ಡಿಂಗ್‌ನ ಕೊನೆಯ ಮೆಟ್ಟಿಲ ಮೇಲೆ ಕಂಬಿ ಹಿಡಿದು ಬಲಗಾಲಲ್ಲಿ ನಿಂತು, ಎಡ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ಮುಟ್ಟಿಸಿ ವಾಪಸ್ ಎತ್ತಿ, 6 ಸಲ. ಆರೆಂಟು ವಾರ ಬಿಡದೆ ಮಾಡಿದರೆ ಬ್ರಿಡ್ಜ್‌ನಲ್ಲಿ ಗೊತ್ತಾಗುತ್ತದೆ, ಅದಕ್ಕಿಂತ ಮೊದಲು ನಿರೀಕ್ಷಿಸಬೇಡಿ.

ನೋವಿದ್ದಾಗ ನಡೆಯಬಹುದೇ? ಹತ್ತರಲ್ಲಿ ಮೂರು, ಹೆಚ್ಚೆಂದರೆ ನಾಲ್ಕರಷ್ಟು ನೋವು ಇರಬಹುದು, ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆಯ ನಡಿಗೆ ಹೆಚ್ಚಾಯಿತು ಎಂದರ್ಥ, ಮೂರನೇ ಒಂದು ಭಾಗ ತಗ್ಗಿಸಿ. ಮಂಡಿ ಊದಿದರೆ, ಸಿಕ್ಕಿಕೊಂಡು ಮಡಚಲು ಬಾರದಿದ್ದರೆ, ನಡೆಯುವಾಗ ಕುಸಿದರೆ, ಅಥವಾ ಕೆಂಪಾಗಿ ಬಿಸಿಯಾಗಿ ಜ್ವರವೂ ಬಂದರೆ ವ್ಯಾಯಾಮದ ಮಾತೇ ಇಲ್ಲ, ಡಾಕ್ಟರ ಹತ್ತಿರ ಹೋಗಿ.

ಭಾಂಡುಪ್_ಜಿಮ್

ಇಷ್ಟೆಲ್ಲ ಯಾಕೆ ಸಾರ್. ನೆಗಡಿ ಜ್ವರಕ್ಕೆ ಚೆನ್ನಾಗಿ ಬೆವರು ಹರಿಸಿದರೆ ಒಂದೇ ದಿನಕ್ಕೆ ಇಳಿಯುತ್ತದೆ. ಕರಿಮೆಣಸಿನ ಕಷಾಯ ಕುಡಿದು ಅರ್ಧ ಗಂಟೆ ಜೋರು ನಡಿಗೆ.

ಮಾಟುಂಗ_ಫಾರ್ಮಸಿ

ಕಷಾಯ ಕುಡಿಯಲಿ, ಯಾರದೂ ತಕರಾರಿಲ್ಲ. ಜ್ವರದಲ್ಲಿ ಜೋರು ನಡಿಗೆ ಬೇಡ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಎದೆಬಡಿತ ನಿಮಿಷಕ್ಕೆ ಸುಮಾರು 10 ಏರುತ್ತದೆ, ಅದರ ಮೇಲೆ ವ್ಯಾಯಾಮದ ಹೊರೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆ ಹೊತ್ತಿನಲ್ಲಿ ಮೈ ದಣಿಸುವುದು ಅಪಾಯ. ಬೆವರು ಬಂದರೆ ಜ್ವರ ಇಳಿದ ಹಾಗೆ ಅನ್ನಿಸಬಹುದು, ವೈರಸ್ ಬೆವರಿನಲ್ಲಿ ಹೋಗುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ತೊಂದರೆ ಕತ್ತಿನಿಂದ ಮೇಲಿದ್ದರೆ, ಅಂದರೆ ಮೂಗು ಸೋರುವುದು, ಸೀನು, ಗಂಟಲು ಕೆರೆತ, ಅರ್ಧ ಹೊತ್ತಿನ ನಿಧಾನ ನಡಿಗೆ ಆಗುತ್ತದೆ. ಹತ್ತು ನಿಮಿಷದಲ್ಲಿ ಸುಸ್ತು ಹೆಚ್ಚಾಯಿತು ಅನ್ನಿಸಿದರೆ ಮನೆಗೆ ತಿರುಗಿ. ಕತ್ತಿನಿಂದ ಕೆಳಗಿದ್ದರೆ, ಎದೆ ಕಫ, ಮೈಕೈ ನೋವು, ಬೇಧಿ, ಅಥವಾ ಎಲ್ಲೇ ಇರಲಿ ಜ್ವರವಿದ್ದರೆ, ನಿಲ್ಲಿಸಿ. ಇದು ಒರಟು ಸೂತ್ರ, ಆದರೆ ಕೆಲಸಕ್ಕೆ ಬರುತ್ತದೆ.

ಮುಂಬೈ ಮಳೆಗಾಲದಲ್ಲಿ ಇನ್ನೊಂದು. ಡೆಂಗ್ಯೂ ಅಲ್ಲವೆಂದು ಗೊತ್ತಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಜ್ವರಕ್ಕೆಂದು ಆಸ್ಪಿರಿನ್ ಬೇಡ, ರಕ್ತಸ್ರಾವದ ಭಯ. ಹೃದಯಕ್ಕೆ ಡಾಕ್ಟರು ಬರೆದ ಆಸ್ಪಿರಿನ್ ಇದ್ದರೆ ಅವರನ್ನೇ ಕೇಳಿ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ನಾಜೂಕು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆ. ನಿಂತ ನೀರಿನಲ್ಲಿ ನಡೆದು ಬಂದವರು, ಅದರಲ್ಲೂ ಕಾಲಲ್ಲಿ ಗಾಯವಿದ್ದವರು, ಲೆಪ್ಟೊ (ಇಲಿಜ್ವರ) ತಡೆಯಲು 72 ಗಂಟೆಯೊಳಗೆ ಡಾಕ್ಟರನ್ನು ಕಾಣಿ ಎಂದು ಪಾಲಿಕೆ ಹೇಳುತ್ತಿರುತ್ತದೆ, ಕೇಳುವವರು ಕಮ್ಮಿ.

ಈಗ ಪೇನ್‌ಕಿಲ್ಲರ್. ನಡಿಗೆಗೆ ಮೊದಲು ಬೇಡ. ಫಿಸಿಯೊ ಹೇಳಿದ ಮೂರು ನಾಲ್ಕರ ಲೆಕ್ಕ ಮಾತ್ರೆ ನುಂಗಿದ ಮೇಲೆ ಸುಳ್ಳಾಗುತ್ತದೆ. ಟೆಲ್ಮಿಸಾರ್ಟಾನ್ ಜೊತೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಸೇರಿದರೆ ಕಿಡ್ನಿಗೆ ಹೊರೆ, ಬಿಪಿಯೂ ಏರಬಹುದು. ಮಾತ್ರೆಯ ಹೆಸರಿನ ಕೊನೆಗೆ ಎಚ್ ಅಕ್ಷರ ಇದೆಯೇ ನೋಡಿ. ಇದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇರುತ್ತದೆ. ಮೂರೂ ಸೇರಿ, ಮೇಲೆ ಬೇಧಿಯೂ ಆದರೆ ಕಿಡ್ನಿ ಹಠಾತ್ತನೆ ಮುಷ್ಕರ ಹೂಡುತ್ತದೆ. ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ವಾಸಿ, ರಕ್ತಕ್ಕೆ ಸೇರುವುದು ತೀರ ಕಡಿಮೆ. ಅದರ ಮೇಲೆ ಬಿಸಿ ಶಾಖ ಮಾತ್ರ ಕೊಡಬೇಡಿ.

ನೆಗಡಿಯ ಕಾಂಬಿನೇಷನ್ ಮಾತ್ರೆಯನ್ನೂ ಓದಿ ನುಂಗಿ. ಹೆಚ್ಚಿನವುಗಳಲ್ಲಿ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದನ್ನು ಮೂರು ಹೊತ್ತು, ಜೊತೆಗೆ ಜ್ವರಕ್ಕೆಂದು 650ರ ಮಾತ್ರೆ ನಾಲ್ಕು ಹೊತ್ತು ತೆಗೆದುಕೊಂಡರೆ 1500 ಮತ್ತು 2600, ಒಟ್ಟು 4100. ದೊಡ್ಡವರಿಗೆ ದಿನದ ಮಿತಿಯೇ 4000, ವಯಸ್ಸಾದವರಿಗೆ 3000 ದಾಟದಿರುವುದು ಒಳ್ಳೆಯದು. ಮೂಗು ಬಿಡಿಸುವ ಫಿನೈಲೆಫ್ರಿನ್ ಬಿಪಿ ಏರಿಸಬಹುದು. ಕ್ಲೋರ್ಫೆನಿರಮೈನ್ ತೂಕಡಿಕೆ ತರುತ್ತದೆ, ಪ್ರಾಸ್ಟೇಟ್ ದಪ್ಪಗಿರುವ ಗಂಡಸರಿಗೆ ಮೂತ್ರವೇ ಕಟ್ಟಬಹುದು.

ಬೇಧಿಗೆಂದು ಅಂಗಡಿಯಲ್ಲಿ ಕೇಳಿ ತರುವ ಒಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಇದೆಯಲ್ಲ, ಅದೂ ಅದರ ಅಣ್ಣತಮ್ಮಂದಿರಾದ ಸಿಪ್ರೊ, ಲೀವೊಫ್ಲಾಕ್ಸಾಸಿನ್ ಕೂಡ 60 ದಾಟಿದವರಲ್ಲಿ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವನ್ನು (ಟೆಂಡನ್) ಸಡಿಲ ಮಾಡಬಲ್ಲವು. ಸ್ಟಿರಾಯ್ಡ್ ಜೊತೆಗಿದ್ದರೆ ಇನ್ನೂ ಹೆಚ್ಚು. ಕೋರ್ಸ್ ನಡೆಯುವಾಗ ಅಲ್ಲಿ ನೋವು ಬಂದರೆ ನಡಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಅನೇಕರು ಇದನ್ನು ಶೂಸಿನ ತಪ್ಪೆಂದು ತಿಳಿಯುತ್ತಾರೆ.

ಪಣಜಿ_ಅಕ್ಕ

ನಿಮ್ಮ ಹಿಮ್ಮಡಿಯದ್ದು ಬೇರೆ ಲೆಕ್ಕ ಅಣ್ಣ. ಬೆಳಗಿನ ಮೊದಲ ಹೆಜ್ಜೆಗೆ ಚುಚ್ಚಿ ಆಮೇಲೆ ಸಡಿಲವಾಗುವುದು ಪಾದದಡಿಯ ಪಟ್ಟಿಯ ನೋವು. ಹದಿನೈದು ದಿನ ಬರಿಗಾಲಲ್ಲಿ ಟೈಲ್ಸ್ ಮೇಲೆ ಓಡಾಡಿದ್ದೂ ಕಾರಣ ಇರಬಹುದು. ಮಂಚದ ಪಕ್ಕದಲ್ಲೇ ಮೆತ್ತನೆ ಹಿಮ್ಮಡಿಯ ಚಪ್ಪಲಿ ಇಟ್ಟುಕೊಳ್ಳಿ, ನೆಲಕ್ಕೆ ಕಾಲು ತಾಗುವ ಮೊದಲು ಅದಕ್ಕೆ ತೂರಿಸಿ. ಏಳುವ ಮೊದಲು ಕಾಲ್ಬೆರಳುಗಳನ್ನು ಕೈಯಿಂದ ಮೇಲಕ್ಕೆ ಎಳೆದು 10 ಸೆಕೆಂಡ್, 10 ಸಲ.

ಬಲಕ್ಕೆ: ಮೆಟ್ಟಿಲ ಅಂಚಿನಲ್ಲಿ ಟವೆಲ್ ಸುತ್ತಿ ಕಾಲ್ಬೆರಳ ಕೆಳಗೆ ಇಡಿ, ಬೆರಳುಗಳು ಮೇಲೆ ಬಾಗಿರಬೇಕು. ಗೋಡೆ ಹಿಡಿದು 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡ್ ನಿಂತು, 3 ಸೆಕೆಂಡಿನಲ್ಲಿ ಇಳಿಸಿ. 12 ಸಲದಂತೆ ಮೂರು ಸೆಟ್, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದರಲ್ಲಿ. ದಿನಾ ಮಾಡಿದರೆ ಬೇಗ ಗುಣ ಅಂತ ಹೊರಟವರೇ ನೋವು ಹೆಚ್ಚಿಸಿಕೊಳ್ಳುವುದು.

ಗೋವಾಕ್ಕೆ ಬಂದಾಗ ಬೀಚಿನಲ್ಲಿ ನಡೆದರೆ ಕಾಲಿಗೆ ಒಳ್ಳೆಯದು ಎಂದು ಬರಿಗಾಲಲ್ಲಿ ಮಿರಾಮಾರ್ ಸುತ್ತಬೇಡಿ ಮಾರಾಯ್ರೆ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಬಿಗಿಯುತ್ತದೆ. ಒದ್ದೆ ಮರಳು ಗಟ್ಟಿ, ಆದರೆ ಸಮುದ್ರದ ಕಡೆಗೆ ಇಳಿಜಾರು. ಒಂದೇ ದಿಕ್ಕಿನಲ್ಲಿ ದೂರ ಹೋದರೆ ಒಂದು ಕಾಲು ತಗ್ಗಿನಲ್ಲೇ ಬೀಳುತ್ತದೆ.

ಡೊಂಬಿವಲಿ_ಈಸ್ಟ್

ಎಲ್ಲರಿಗೂ ತುಂಬಾ ಉಪಕಾರ. ಎರಡು ಮಾತು ಉಳಿದಿದೆ. ಜ್ವರದಲ್ಲಿ ಗಂಜಿ, ಉಪ್ಪಿನಕಾಯಿ ಬಿಟ್ಟು ಏನೂ ಸೇರುವುದಿಲ್ಲ, ಮಾಂಸ ಉಳಿಸಲು ಏನು ತಿನ್ನಬೇಕು? ಮತ್ತೆ ಬ್ರಿಡ್ಜ್ ಅಂತೂ ತಪ್ಪಿಸಲಾಗದು, ಆರು ವಾರದವರೆಗೆ ಹೇಗೆ ಇಳಿಯಲಿ?

ಮಾಟುಂಗ_ಫಾರ್ಮಸಿ

ಗಂಜಿಯಲ್ಲೇ ತುರುಕಿ. ಅಕ್ಕಿಯ ಜೊತೆ 30 ಗ್ರಾಂ ಹೆಸರುಬೇಳೆ ಬೇಯಿಸಿದರೆ ಸುಮಾರು 7 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ, ಒಂದು ಲೋಟ ಹಾಲಿಗೆ 8. ನಿಮ್ಮ ತೂಕಕ್ಕೆ ದಿನಕ್ಕೆ 75ರಿಂದ 90 ಗ್ರಾಂ ಗುರಿ. ಜ್ವರದ ದಿನ ಅಷ್ಟು ಆಗುವುದಿಲ್ಲ, ಬಿಟ್ಟ ಮರುದಿನದಿಂದ ಮೂರು ಹೊತ್ತಿಗೂ ಹಂಚಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು. ಉಪ್ಪಿನಕಾಯಿ ಬಿಪಿಯವರಿಗೆ ನಾಲಗೆಗೆ ಸವರುವಷ್ಟು ಮಾತ್ರ.

ಕೋಥ್ರೂಡ್_ಫಿಸಿಯೊ

ಏರುವಾಗ ಎಡಗಾಲು ಮೊದಲು, ಇಳಿಯುವಾಗ ನೋವಿನ ಬಲಗಾಲು ಮೊದಲು, ಎರಡೂ ಪಾದ ಒಂದೇ ಮೆಟ್ಟಿಲಿಗೆ ಬಂದ ಮೇಲೆ ಮುಂದಿನದು. ಬಲಮಂಡಿಗೆ ಎಡಗೈಯ ಆಧಾರ ಬೇಕು, ಎಡಕ್ಕೆ ಸರಿದು ಎಡಗಡೆಯ ಕಂಬಿ ಹಿಡಿಯಿರಿ. ಮಳೆಯಲ್ಲಿ ಕೊಡೆ ಮಡಚಿ ಬಗಲಿನ ಚೀಲಕ್ಕೆ ಹಾಕಿಯೇ ಇಳಿಯಿರಿ, ಇಲ್ಲದಿದ್ದರೆ ಕಂಬಿಗೆ ಬೇಕಾದ ಕೈ ಕೊಡೆಗೆ ಹೋಗುತ್ತದೆ. ಲೋಕಲ್ ಬಂದು ಜನ ಮೇಲೆ ನುಗ್ಗುವ ಸದ್ದು ಕೇಳಿದರೆ ಮೇಲೆಯೇ ಎರಡು ನಿಮಿಷ ನಿಂತುಬಿಡಿ, ಮುಂದಿನ ಗಾಡಿ ನಾಲ್ಕೈದು ನಿಮಿಷಕ್ಕೆ ಇದ್ದೇ ಇದೆ.